ಎರಡನೇ ಕೊಳವೆಯ ಕಾಡು

ಕೈಲಾಂಚ
೧೨ ಜೂನ್ ೨೦೨೫, ಗುರುವಾರ

ನನ್ನ ಕೂಸೇ ನವ್ಯಾ,

ಹೇಗಿದ್ದೀಯೆ? ಗೋವಾದ ಉಪ್ಪುಗಾಳಿಗೆ ಹತ್ತಿದ ಕೆಮ್ಮು ಹೋಯಿತೆ? ಕೆರೆಯ ಮಣ್ಣನ್ನು ಅಷ್ಟು ಜೋಪಾನ ಮಾಡುವವಳು ನಿನ್ನ ಹೊಟ್ಟೆಯನ್ನೂ ಸ್ವಲ್ಪ ನೋಡಿಕೋ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ರೇಷ್ಮೆಹುಳ ಪೊರೆ ಕಳಚಿ ನಾಲ್ಕನೇ ಜ್ವರದಿಂದ ಎದ್ದಿವೆ. ಎಷ್ಟು ಸೊಪ್ಪು ಹಾಕಿದರೂ ಸಾಲದು. ನಿನ್ನ ಅಪ್ಪ ನಟರಾಜು ಸೊಪ್ಪು ಕೊಯ್ದು ಕೊಯ್ದು ನಡು ಹಿಡಿದುಕೊಂಡು ಓಡಾಡುತ್ತಿದ್ದಾನೆ.

ನೀನು ಫೋನಿನಲ್ಲಿ ಆ ಸುದ್ದಿ ಹೇಳಿ ಹನ್ನೊಂದು ದಿನವಾಯಿತು. ಎಲೆಯ ಮೈಮೇಲೆ ತೆಳ್ಳಗೆ ಮೇಣ ಇರುತ್ತದೆ, ಎಲೆ ಕೊಳೆತರೂ ಮೇಣ ಮಣ್ಣಿನಲ್ಲಿ ಉಳಿಯುತ್ತದೆ, ಹುಲ್ಲಿನದೇ ಬೇರೆ, ಗಿಡಮರದ್ದೇ ಬೇರೆ ಎಂದು ನೀನು ಬಿಡಿಸಿ ಹೇಳಿದ್ದು ನನಗೆ ಚೆನ್ನಾಗಿ ತಿಳಿಯಿತು. ನಮ್ಮ ಕೆರೆಯ ತಳಕ್ಕೆ ಇಳಿಸಿ ನೀವು ಮಣ್ಣು ತುಂಬಿ ಒಯ್ದ ಮೂರು ಕೊಳವೆಗಳಲ್ಲಿ, ಮೊದಲನೆಯದರ ಮಣ್ಣಿನಲ್ಲಿ ಬರೀ ಹುಲ್ಲಿನ ಮೇಣ. ಎರಡನೇ ಕೊಳವೆಯ ತಳದಲ್ಲಿ ಮಾತ್ರ ಮರದೆಲೆಯದು ರಾಶಿ ಇದೆ ಎಂದೆ. "ಅಜ್ಜಿ, ತಾತ ಯೋಳಿದ್ದು ದಿಟ ಕಣಜ್ಜಿ, ನಮ್ ಕೆರೆ ಮ್ಯಾಲೆ ಕಾಡಿತ್ತು!" ಎಂದು ಕೂಗಿದೆಯಲ್ಲ, ನನಗೆ ಕಣ್ಣು ತುಂಬಿ ಬಂತು. ನಿನ್ನ ತಾತ ರಾಮಲಿಂಗಯ್ಯ ಬದುಕಿರುವತನಕ ಆ ಕಾಡಿನ ಮಾತು ಆಡಿ ಜನರ ಕೈಲಿ ನಗಿಸಿಕೊಂಡವರು. ನಾನು ಸುಮ್ಮನಿರಲಾರದೆ ಡೈರಿಗೆ ಹಾಲು ಹಾಕಲು ಹೋದಾಗ ಎಲ್ಲರೆದುರಿಗೂ ಹೇಳಿಬಿಟ್ಟೆ. ಇಪ್ಪತ್ತನೇ ತಾರೀಕು ದೊಡ್ಡ ದೊಡ್ಡ ವಿದ್ವಾಂಸರ ಮುಂದೆ ನೀನು ಇದನ್ನೇ ಓದುತ್ತೀಯೆ ಎಂದೂ ಹೇಳಿದೆ.

ಆಮೇಲೆ ನೀನು ಎರಡು ಸಲ ಫೋನು ಮಾಡಿದೆ. ನಾನು ಹುಳದ ಮಾತಾಡಿ ಇಟ್ಟುಬಿಟ್ಟೆ. ನಿನಗೆ ನೆನಪಿದೆಯೆ, ಎಂಟು ವರ್ಷದವಳಿದ್ದಾಗ ಹೇನಿನ ಔಷಧಿ ಮೆತ್ತಿದ ಕೈಯಲ್ಲಿ ಹುಳ ಮುಟ್ಟಿ, ಬೈಗುಳಕ್ಕೆ ಹೆದರಿ ಮಾರನೇ ದಿನ ಬಾಯಿ ಬಿಟ್ಟೆ. ಅಷ್ಟರಲ್ಲಿ ಮೂರು ತಟ್ಟೆ ಹುಳ ಸತ್ತಿದ್ದವು. "ತಪ್ಪು ಮಾಡ್ದೋಳು ಅವತ್ತೇ ಯೋಳ್ಬೇಕು ಕಣವ್ವ, ಹುಳ ಕಾಯಾಕಿಲ್ಲ" ಎಂದು ಗದರಿದ್ದೆ. ಈಚೆಗೆ ಆ ಮಾತು ನನ್ನನ್ನೇ ಚುಚ್ಚುತ್ತಿದೆ.

ಮನೆಯಲ್ಲಿ ಎಲ್ಲರೂ ನಿನ್ನನ್ನು ಕೇಳಿದರು. ನೂರು ಕಾಲ ಬಾಳು ಮಗಳೇ.

ನಿನ್ನ ಅಜ್ಜಿ,
ಅಂಬುಜಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ರೇಷ್ಮೆಗೂಡು ಸಾಗಿಸುವ ತನ್ವೀರ್ ಟೆಂಪೊ ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದಾನೆ, ಅವನೇ ಇದನ್ನು ರಾಮನಗರದಲ್ಲಿ ಸ್ಪೀಡ್ ಪೋಸ್ಟಿಗೆ ಹಾಕುತ್ತಾನೆ. ನಿಮ್ಮ ಜೀಪು ಕೆಟ್ಟು ಕೊಳವೆಗಳು ಒಂದು ರಾತ್ರಿ ನಮ್ಮ ಜಗಲಿಯಲ್ಲಿ ಉಳಿದವಲ್ಲ, ಎರಡನೆಯದರ ತಳದ ಮುಚ್ಚಳ ಸೀಳಿತ್ತು. ಮಣ್ಣು ಒಣಗಿದರೆ ಕೂಸು ಅಳುತ್ತದೆಂದು ಎಳೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ, ನೀರು ಚಿಮುಕಿಸಿ, ಒಳಗೆ ಒತ್ತಿ ಒತ್ತಿ ತುರುಕಿದೆ. ನೀನು ಮುಟ್ಟಬೇಡ ಎಂದಿದ್ದೆ. ಬೆಳಿಗ್ಗೆ ಅದನ್ನು ತೆಗೆದುಬಿಟ್ಟೆ, ನಿನಗೆ ಹೇಳಲಿಲ್ಲ. ಅದೇ ತೋಟದ ನಾಲ್ಕು ಎಲೆ ಕಾಗದದಲ್ಲಿ ಸುತ್ತಿ ಇದರೊಳಗೆ ಇಟ್ಟಿದ್ದೇನೆ, ಅವುಗಳ ಮೇಣವನ್ನು ಆ ತಳದ ಮೇಣದ ಜೊತೆ ಹೋಲಿಸಿ ನೋಡು. ಮೂರನೇ ಕೊಳವೆಯನ್ನು ನಾನು ಮುಟ್ಟಿಲ್ಲ, ನಿನ್ನಾಣೆ. ತಾತನ ಕಾಡು ಅದರಲ್ಲಿ ಸಿಕ್ಕರೆ ಓದು. ಸಿಗದಿದ್ದರೆ ಇಲ್ಲವೆಂದೇ ಓದು, ಡೈರಿಯವರಿಗೆ ನಾನೇ ಹೋಗಿ ಹೇಳುತ್ತೇನೆ.