ಇಬ್ಬರೂ ನೋಡಿದ ವಿಡಿಯೋ

ಶಹಾಬಾದ
೧೪ ಡಿಸೆಂಬರ್ ೨೦೨೫

ಲುಂಬಿನಿಯ ಪಪ್ಪನವರಿಗೆ,

ನಿಮ್ಮ ಸುಮಂಗಲಾಳ ಜೈಭೀಮ್. ಮೊಣಕಾಲು ನೋವು ಹೇಗಿದೆ? ಆ ಗಡಿ ಗುಡ್ಡದ ಚೌಕಿಯಲ್ಲಿ ಈಗ ಹಿಮ ಬೀಳುತ್ತಿರಬೇಕು. ನಾನು ಕಳಿಸಿದ ಉಣ್ಣೆಯ ಟೊಪ್ಪಿಗೆ ಹಾಕಿಕೊಳ್ಳುತ್ತೀರೋ, ಪೆಟ್ಟಿಗೆಯಲ್ಲಿಟ್ಟು ಕಾಯುತ್ತಿದ್ದೀರೋ? ನಾವಿಬ್ಬರೂ ಆರಾಮ. ಹಸಿ ತೊಗರಿಕಾಯಿ ಬಂದಿದೆ. ಉಪ್ಪು ಹಾಕಿ ಬೇಯಿಸಿದಾಗಲೆಲ್ಲ ನಿಮ್ಮ ನೆನಪು.

"ಮಗಳು ಹ್ಯಾಕಿಂಗ್ ವಿಡಿಯೋ ನೋಡ್ಲಿಕತ್ತಾಳ, ಬಂದ್ ಮಾಡಸು" ಎಂದು ಡ್ಯೂಟಿಗೆ ಹೊರಡುವಾಗ ಹೇಳಿದ್ದಿರಿ. ಅದರ ಮಾತೇ ಬರೆಯಬೇಕಾಗಿದೆ. ನಮ್ಮ ಪಕ್ಕದ ಮನೆಯ ಟೇಲರ್ ಅಖ್ತರ ಬೇಗಂ ಅವರ ಮಗಳಿಗೆ ವಾಡಿಯಲ್ಲಿ ಸಂಬಂಧ ಗೊತ್ತಾಗಿತ್ತಲ್ಲ, ಹೋದ ವಾರ ಅದು ಮುರಿಯುವುದರಲ್ಲಿತ್ತು. ಅಖ್ತರ ಬೇಗಂ ಅವರ ವಾಟ್ಸಾಪ್‌ನಿಂದ ಬೀಗರಿಗೆ ಹೊಲಸು ಬೈಗುಳ ಹೋಗಿದ್ದವು. "ನಾ ಬರ್ದಿಲ್ಲವ್ವಾ, ಅಲ್ಲಾನ ಕಸಂ!" ಎನ್ನುತ್ತ ಆಕೆ ನಮ್ಮ ಬಾಗಿಲಲ್ಲೇ ಕುಸಿದು ಕೂತರು. ಲುಂಬಿನಿ, "ಅಳಬ್ಯಾಡ್ರಿ ಖಾಲಾ, ಫೋನ್ ಕೊಡ್ರಿ" ಎಂದು ಫೋನಿನೊಳಗೆಲ್ಲ ಹುಡುಕಿದಳು. ಆ ವಾಟ್ಸಾಪ್ ಬೇರೊಬ್ಬರ ಕಂಪ್ಯೂಟರಿಗೂ ಜೋಡಣೆಯಾಗಿತ್ತು. ಜೋಡಿಸಿದ ತಾರೀಖು, ಫೋನು ರಿಪೇರಿಗೆ ಹೋಗಿದ್ದ ದಿನದ್ದೇ! ಲುಂಬಿನಿ ಅದರ ಫೋಟೋ ತೆಗೆದಿಟ್ಟುಕೊಂಡು, ಜೋಡಣೆ ಕಡಿದು, ಅವರನ್ನು ಠಾಣೆಗೆ ಕರೆದುಕೊಂಡು ಹೋದಳು. ನಾನೂ ಜೊತೆಗೆ ಹೋದೆ.

ಆ ಫೋನು ರಿಪೇರಿ ಮಾಡಿದ್ದ ಮೊಬೈಲ್ ಅಂಗಡಿಯ ಅಂಬರೇಶ ಠಾಣೆಯಲ್ಲಿ ಒಪ್ಪಿಕೊಂಡ. ಹಾಕಿದ ಗಾಜು ಎರಡೇ ದಿನಕ್ಕೆ ಒಡೆಯಿತೆಂದು ಅಖ್ತರ ಬೇಗಂ ನಾಲ್ಕು ಜನರ ಮುಂದೆ ಬೈದು, ಫೋನು ಮತ್ತೆ ಅವನ ಕೈಗೇ ಕೊಟ್ಟು ಬಂದಿದ್ದರಂತೆ. ಅದೇ ಸಿಟ್ಟು. "ಯೂಟ್ಯೂಬ್‌ದಾಗ ಎಲ್ಲಾರಿಗೂ ತೋರಸ್ತಾರ್ರಿ ಸಾಹೇಬ್ರ, ನಾನೂ ನೋಡಿ ಕಲ್ತೆ" ಎಂದು ವಿಡಿಯೋ ತೋರಿಸಿದ. ನಮ್ಮ ಮಗಳು ಕಲಿತದ್ದೂ ಅದೇ ವಿಡಿಯೋದಿಂದ!

ಮನೆಗೆ ಬಂದು ಅವಳ ಮೇಲೆ ರೇಗಿದೆ. "ವಿಡಿಯೋ ದಾರಿ ತೋರಸ್ತು, ಖರೆ. ಆದ್ರ ಸಿಟ್ಟು ಅವನದೇ ಅಲ್ಲೇನಮ್ಮಾ?" ಎಂದಳು. ಅಖ್ತರ ಬೇಗಂ ನನ್ನನ್ನೇ ಗದರಿದರು: "ಇಕಿ ನೋಡ್ದೇ ಇದ್ರ ನನ್ನ ಮಗಳ ಗತಿ ಏನಾಗ್ತಿತ್ತು?" ನೋಡದಿದ್ದರೆ ಅಂಬರೇಶನಿಗೆ ಆ ಬುದ್ಧಿ ಹೊಳೆಯುತ್ತಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ. ಆದರೆ ಕದಿಯುವವನು ಕಲಿತು, ಕಾಯುವವಳು ಕಲಿಯದಿದ್ದರೆ ಹೇಗೆ?

ನಿನ್ನೆ ವಾಡಿಯಿಂದ ಹುಡುಗನ ತಂದೆ ಅಬ್ದುಲ್ ಕರೀಮ್ ಠಾಣೆಯ ಸಂಗತಿ ಕೇಳಿ ಅಖ್ತರ ಬೇಗಂ ಅವರ ಮನೆಗೆ ತಾವೇ ಬಂದರು. "ತಪ್ಪಾಯ್ತು ಬಹೆನ್, ಕೇಳದೇ ಸಿಟ್ಟಿಗೆದ್ದೆವು" ಎಂದು ಖೀರು ಕುಡಿದು ನಿಕಾಹ್‌ನ ದಿನ ಗೊತ್ತು ಮಾಡಿ ಹೋದರು. ನಮಗೂ ಒಂದು ಡಬ್ಬಿ ಖೀರು ಬಂತು. ಲುಂಬಿನಿ ಒಬ್ಬಳೇ ಮುಗಿಸಿದಳು.

ನಿಮಗೆ ಬುದ್ಧನ ಕರುಣೆ ಇರಲಿ. ಚೌಕಿಯ ಗೆಳೆಯರಿಗೂ ನಮ್ಮ ನಮಸ್ಕಾರ ತಿಳಿಸಿರಿ.

ನಿಮ್ಮ,
ಸುಮಂಗಲಾ

ತಾ.ಕ.: ವಿಡಿಯೋ ಬಂದ್ ಮಾಡಿಸಿಲ್ಲ. ಈಗ ನಾನೂ ಅವಳ ಪಕ್ಕ ಕೂತು ನೋಡುತ್ತೇನೆ. ನೀವು ಬಿಟ್ಟುಹೋದ ಹಳೆಯ ಫೋನಿನ ಪಾಸ್‌ವರ್ಡ್ ಮೊನ್ನೆ ನಾನೇ ಊಹಿಸಿದೆ, ಮೊದಲ ಸಲಕ್ಕೇ ತೆರೆಯಿತು. ನನ್ನ ಹೆಸರು! ಭಾಳ ಖುಷಿಯಾಯಿತು. ಆದರೂ ಎಲ್ಲೆಲ್ಲಿ ಅದನ್ನೇ ಇಟ್ಟಿದ್ದೀರೋ ಅಲ್ಲೆಲ್ಲ ಇವತ್ತೇ ಬದಲಿಸಿರಿ.