ಉಸಿರು ತೆಗೆದ ಹಾಡು

ಫೆಬ್ರವರಿ 4, ಮಂಗಳವಾರ

ಇವತ್ತೂ ಅದೇ. ಆಡಿಯೋ ಪುಸ್ತಕದ ಎಡಿಟಿಂಗ್. ಓದುವ ಮಹಾಶಯನಿಗೆ ನೆಗಡಿ — ವಾಕ್ಯಕ್ಕೊಮ್ಮೆ ಸೊರ್ ಎಂದು ಉಸಿರೆಳೆಯುತ್ತಾನೆ. ಎಲ್ಲ ಕತ್ತರಿಸಿದೆ. "ನಿಮ್ ಕೈಗೆ ಸಿಕ್ಕಿದೋರು ಉಸಿರಾಡೋದೇ ಇಲ್ಲ ನೋಡಿ" ಎಂದರು ಬಾಸ್. ಹೊಗಳಿಕೆ ಎಂದುಕೊಂಡು ಉಬ್ಬಿದೆ.

ಬಸ್ಸಿನಲ್ಲಿ ತಮ್ಮನ ರೀಮಿಕ್ಸ್ ಕೇಳಿದೆ. ಮೊದಲ ಸಲ, ಪೂರ್ತಿ. ಹೌಸ್ ಮ್ಯೂಸಿಕ್ ಅಂತೆ, ಕ್ಲಬ್ಬುಗಳಲ್ಲಿ ಕುಣಿಯುವುದಕ್ಕೆ. ವಾಷಿಂಗ್ ಮಷಿನ್ನಿಗೆ ಕಲ್ಲು ಹಾಕಿದ ಹಾಗಿದೆ ಎಂದು ಇಷ್ಟು ವರ್ಷ ಎಲ್ಲರೆದುರು ಆಡಿಕೊಂಡವಳು ನಾನೇ. ಅವನು ಹಲ್ಲು ಕಿರಿಯುತ್ತಿದ್ದ, ಅಷ್ಟೇ.

ಯಾರದೋ ಹಳೆಯ ಅಳುಮುಂಜಿ ಹಾಡು. ಕುಣಿಸಿದ್ದಾನೆ, ಆದರೆ ಅಳು ಹಾಗೇ ಇದೆ. ಬರೀ ಡ್ರಮ್ಮು, ಡ್ರಮ್ಮು... ಇನ್ನು ಹಾಡು ಬರುವುದೇ ಇಲ್ಲವೇನೋ ಎನ್ನುವಾಗ ಒಂದೇ ಒಂದು ಅಕ್ಷರ ಬಿಡುತ್ತಾನೆ. ಮತ್ತೆ ಕಾಯಿಸುತ್ತಾನೆ. ನಾನೂ ಬೆಪ್ಪುತಕ್ಕಡಿಯಂತೆ ಕಾಯುತ್ತೇನೆ. ಇಳಿಯುವ ಸ್ಟಾಪು ದಾಟಿಹೋಯಿತು. ನಡೆದುಕೊಂಡು ಬಂದೆ, ಇನ್ನೊಂದು ಹಾಕಿಕೊಂಡು.

ಫೆಬ್ರವರಿ 9, ಭಾನುವಾರ

ತಮ್ಮ ಊಟಕ್ಕೆ ಬಂದಿದ್ದ. ನಿನ್ನ ರೀಮಿಕ್ಸ್ ಚೆನ್ನಾಗಿದೆ ಕಣೋ ಎಂದೆ. "ಏನಕ್ಕಾ, ಜ್ವರಾನಾ?" ಎಂದು ಹಣೆ ಮುಟ್ಟಿ ನೋಡಿದ. ಅಮ್ಮ ನಕ್ಕಳು, ಭುಜ ಕುಲುಕಿಸಿ, ಸದ್ದಿಲ್ಲದೆ. ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆ ತೆಗೆದ ಮೇಲೆ ಅವಳ ನಗು ಹಾಗೇ. ಉಸಿರಾಟ ಕತ್ತಿನ ತೂತಿನಿಂದ.

ಆಮೇಲೆ ಏನೋ ತುಟಿಯಲ್ಲಾಡಿಸಿದಳು. ತಮ್ಮ ಓದಿ ಹೇಳಿದ: "ಅಮ್ಮನ ಹಾಡೂ ಮಾಡ್ಬೇಕಂತೆ."

ಅಪ್ಪ ಮನೆಯಲ್ಲೇ ರೆಕಾರ್ಡ್ ಮಾಡಿದ ಕ್ಯಾಸೆಟ್ ಒಂದಿದೆ. ಅಮ್ಮ ಹಾಡಿರುವುದು ಬೇರೆಲ್ಲೂ ಇಲ್ಲ. ಆಫೀಸಿನಲ್ಲಿ ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆ ಎಂದೆ. ಅಮ್ಮನ ಮುಖ ನೋಡಬೇಕಿತ್ತು.

ಫೆಬ್ರವರಿ 12, ಬುಧವಾರ

ಆಫೀಸಿನ ಮೂಲೆಯಲ್ಲಿದ್ದ ಹಳೇ ಟೇಪ್ ಡೆಕ್ಕು ಒರೆಸಿ ಕ್ಯಾಸೆಟ್ ಹಾಕಿದೆ. ಅಮ್ಮನ ಧ್ವನಿ! ಹೆಡ್‌ಫೋನ್ ಒತ್ತಿಹಿಡಿದು ಅತ್ತೆ. ಹಾಡು ಮುಗಿದದ್ದೇ ತಡ, ಡೆಕ್ಕು ಟೇಪನ್ನು ಅಗಿದು ಹಾಕಿತು. ಬಿಡಿಸಲು ಹೋದರೆ ತುಂಡು ತುಂಡು. ಸದ್ಯ, ಅಷ್ಟರಲ್ಲಿ ಹಾಡು ಕಂಪ್ಯೂಟರಿಗೆ ಇಳಿದಿತ್ತು.

ಊಟ ಬಿಟ್ಟು ಕೂತು ನೀಟು ಮಾಡಿದೆ. ಫ್ಯಾನಿನ ಗುಂಯ್, ಕುರ್ಚಿಯ ಕಿರಕಿರ, ಸಾಲಿಗೊಮ್ಮೆ ಅಮ್ಮ ಎಳೆದುಕೊಳ್ಳುವ ಉಸಿರು... ಎಲ್ಲ ತೆಗೆದೆ. ತಿಕ್ಕಿಟ್ಟ ಪಾತ್ರೆಯಂತೆ ಥಳಥಳ. ಅದೇ ಫೈಲಿನ ಮೇಲೆ ಸೇವ್ ಮಾಡಿ ತಮ್ಮನಿಗೆ ಕಳಿಸಿದೆ. ನಮ್ಮಲ್ಲಿ ಹಾಗೇ ರೂಢಿ. ಎರಡು ಕಾಪಿ ಇದ್ದರೆ ಗೊಂದಲ. ಅಷ್ಟು ವರ್ಷ ಅವನನ್ನು ಆಡಿಕೊಂಡದ್ದಕ್ಕೆ ಪ್ರಾಯಶ್ಚಿತ್ತವಾಗಿ ಇದಾದರೂ ಆಗಲಿ ಎಂದುಕೊಂಡೆ.

ಫೆಬ್ರವರಿ 13, ಮಧ್ಯಾಹ್ನ

ತಮ್ಮನ ಫೋನು.

"ಅಕ್ಕಾ, ಕತ್ತರಿಸದೇ ಇರೋ ಫೈಲ್ ಕಳ್ಸು."

"ಇರೋದೇ ಅದು ಕಣೋ."

"ಅಮ್ಮ ಉಸಿರು ತಗೊಳ್ಳೋದು ಎಲ್ಲಿ?"

"ತೆಗ್ದೆ. ಯಾಕೆ?"

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾನು ಬೀಟ್ ಕಟ್ಟೋದೇ ಅದರ ಮೇಲಕ್ಕಾ. ಹಾಡೋರು ಉಸಿರು ಎಳ್ಕೊಂಡಾಗ ಕೇಳೋರೂ ಎಳ್ಕೋತಾರೆ. ಆಮೇಲೇ ಕುಣಿಯೋಕೆ ಕಾಲು ಎತ್ತೋದು."

ಅವನ ರೀಮಿಕ್ಸುಗಳನ್ನೆಲ್ಲ ಮತ್ತೆ ಕೇಳಿದೆ. ಹೌದು. ಡ್ರಮ್ಮು ನಿಂತಲ್ಲೆಲ್ಲ ಒಂದು ಉಸಿರು. ಅದಕ್ಕೇ ನಾನು ಬಸ್ಸಿನಲ್ಲಿ ಹಾಗೆ ಕಾದು ಕೂತದ್ದು. ಉಸಿರನ್ನು ಕಸವೆಂದು ಗುಡಿಸುವ ಕಸುಬು ನನ್ನದು, ಆಗ ಕೇಳಿಸಲೇ ಇಲ್ಲ.

ಆಫೀಸಿನ ಸಿಸ್ಟಮ್ ನೋಡಿಕೊಳ್ಳುವವರು ಮೊದಲಿನ ಫೈಲಿಗಾಗಿ ಹುಡುಕಿದರು. ಹೋದದ್ದು ಹೋಯಿತು ಎಂದರು. ಟೇಪಿನ ಚೂರುಗಳನ್ನು ಕಸದ ಬುಟ್ಟಿಗೆ ಹಾಕಿದವಳೂ ನಾನೇ. ಬುಟ್ಟಿ ಖಾಲಿಯಾಗಿತ್ತು.

ಮಾರ್ಚ್ 2, ಭಾನುವಾರ

ಬರೆಯಲು ಮನಸ್ಸೇ ಬಂದಿರಲಿಲ್ಲ.

ತಮ್ಮ ರೀಮಿಕ್ಸ್ ತಂದ. ಬಾಗಿಲಲ್ಲೇ ಪಿಸುಗುಟ್ಟಿದ: "ಅಮ್ಮಂಗೆ ಏನೂ ಹೇಳ್ಬೇಡ." ಅಡುಗೆಮನೆಯ ಮೇಜಿನ ಮೇಲೆ ಸ್ಪೀಕರ್ ಇಟ್ಟ.

ಎಷ್ಟು ಚೆನ್ನಾಗಿ ಮಾಡಿದ್ದಾನೆ! ಅಮ್ಮನ ಧ್ವನಿಯನ್ನು ದೂರದಿಂದ ಮೆಲ್ಲಗೆ ಕರೆತರುತ್ತಾನೆ, ಕೆಳಗೆ ಡ್ರಮ್ಮು ಮೃದುವಾಗಿ. ಉಸಿರು ಇರಬೇಕಾದಲ್ಲಿ ಬೇರೇನನ್ನೂ ತುರುಕಿಲ್ಲ. ಎಲ್ಲ ನಿಲ್ಲಿಸಿ ಖಾಲಿ ಬಿಟ್ಟಿದ್ದಾನೆ.

ಅಮ್ಮ ತುಟಿಯಲ್ಲೇ ಹಾಡುತ್ತಿದ್ದಳು. ಮೊದಲ ಖಾಲಿ ಜಾಗ ಬಂತು. ಸರಿಯಾಗಿ ಅಲ್ಲೇ ಉಸಿರೆಳೆದಳು — ಕತ್ತಿನ ತೂತಿನಿಂದ, ಸುಯ್ ಎಂದು. ಬೀಟು ಬಿತ್ತು. ತಮ್ಮ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದ.

ಅಮ್ಮನಿಗೂ ತನ್ನ ಸದ್ದು ಕೇಳಿಸಿತು. ಮುಖ ಸಣ್ಣದು ಮಾಡಿಕೊಂಡಳು. ಮುಂದಿನ ಜಾಗ ಬರುವಷ್ಟರಲ್ಲಿ ಅಂಗೈಯಿಂದ ಕತ್ತು ಮುಚ್ಚಿ ಉಸಿರು ಬಿಗಿಹಿಡಿದಳು. ಹಾಡು ಕೆಡಬಾರದಲ್ಲ. ಖಾಲಿ. ಬರೀ ಖಾಲಿ.

"ಕೈ ತೆಗಿಯಮ್ಮಾ" ಎಂದೆ.

ಬೇಡವೆಂದು ತಲೆಯಾಡಿಸಿದಳು. ಸ್ಪೀಕರಿನತ್ತ ಬೆರಳು ತೋರಿಸಿ, ನನ್ನ ಕೆನ್ನೆ ತಟ್ಟಿ, ತುಟಿಯಲ್ಲಾಡಿಸಿದಳು. ಯಾರೂ ಓದಿ ಹೇಳಬೇಕಿರಲಿಲ್ಲ: ಎಷ್ಟು ಚೊಕ್ಕ ಮಾಡಿದೀಯೇ.

ಹೇಳಲೇಬೇಕಿತ್ತು. ಬಾಯಿ ತೆರೆದೆ. "ಅಮ್ಮಾ, ಅಲ್ಲೆಲ್ಲ ನೀನು ಉಸಿರು... ನಾನು ಅದನ್ನ —" ಅಷ್ಟರಲ್ಲಿ ಮುಂದಿನ ಖಾಲಿ ಜಾಗ ಬಂತು, ಅಮ್ಮ ಮತ್ತೆ ಉಸಿರು ಬಿಗಿಹಿಡಿದಳು, ನನ್ನ ಮಾತು ಅಲ್ಲೇ ನಿಂತಿತು.