ಕಿವಿಯಲ್ಲಿ ಉಳಿದ ಹತ್ತಿ

ಶ್ರೀ ಗುರುಬಸವಲಿಂಗಾಯ ನಮಃ

ವಿಜಯನಗರ, ಬೆಂಗಳೂರು-40
9-2-1978, ಗುರುವಾರ

ಚಿ. ಸೌ. ಜಯದೇವಿಗೆ ನಿನ್ನ ಅವ್ವನ ಆಶೀರ್ವಾದಗಳು.

ಮೊದಲು ಇದೊಂದಕ್ಕೆ ಉತ್ತರ ಬರಿ. ಕೂಸಿಗೆ ಜ್ವರ ಬಿಟ್ಟಿತೇ? ನಾನು ಮದ್ರಾಸು ಬಿಟ್ಟು ಇಂದಿಗೆ ಒಂಬತ್ತು ದಿನ. ಪಕ್ಕದ ಮನೆ ಮುನಿತಾಯಮ್ಮನ ವಿಳಾಸಕ್ಕೆ ಒಂದು ಕಾರ್ಡು ಹಾಕು ಎಂದು ಎರಡೆರಡು ಸಲ ಹೇಳಿ ಬಂದಿದ್ದೆ. ದಿನಾ ಹನ್ನೊಂದು ಗಂಟೆಗೆ ಅಂಚೆಯವನು ಅವರ ಗೇಟು ದಾಟಿ ಮುಂದೆ ಹೋಗುವುದನ್ನು ಅಡಿಗೆಮನೆ ಕಿಟಕಿಯಿಂದ ನೋಡುತ್ತೇನೆ. ನಾನೂ ತಲುಪಿದ ದಿನವೇ ಬರೆಯಬೇಕಿತ್ತು, ತಪ್ಪು ನನ್ನದೂ ಇದೆ. ಆದರೆ ನಿನ್ನ ಅಪ್ಪಾಜಿ ಈ ಸಲ ಆಫೀಸಿಗೆ ರಜೆ ಹಾಕಿ ಮನೆಯಲ್ಲೇ ಕೂತುಬಿಟ್ಟಿದ್ದರು. ಪೆನ್ನು ಹಿಡಿದರೆ ಯಾರಿಗೆ ಎಂದು ಕೇಳುತ್ತಾರೆ. ಇವತ್ತೇ ಮೊದಲು ಹೊರಗೆ ಹೋಗಿದ್ದು, ಅವರ ಬಸ್ಸು ತಿರುಗಿದ ಕೂಡಲೇ ಬರೆಯಲು ಕೂತಿದ್ದೇನೆ.

ನೀನು ಶ್ಯಾಮಸುಂದರನನ್ನು ಕಟ್ಟಿಕೊಂಡು ಹೋದ ದಿನ ಅವರು ಹೇಳಿದ ಮಾತು ನಿನಗೆ ತಿಳಿಸಿರಲಿಲ್ಲ. ಈಗ ತಿಳಿಸುತ್ತೇನೆ, ನಾನು ಎಷ್ಟು ಹೆದರಿದ್ದೆ ಎಂದು ನಿನಗೆ ಗೊತ್ತಾಗಲಿ. “ಆಕೀ ಮನಿ ಹೊಸ್ತಿಲ ತುಳಿದ್ರ ಈ ಮನಿ ಹೊಸ್ತಿಲ ಮರತುಬಿಡು” ಅಂದಿದ್ದರು. ಸಿಟ್ಟಿನಲ್ಲಿ ಅಂದಿದ್ದರೆ ನಾನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಉಣ್ಣುತ್ತಾ ಕೂತವರು ತಣ್ಣಗೆ ಅಂದು, ಸಾರು ಬಡಿಸು ಎಂದರು. ಮೂರು ವರ್ಷ ಆ ಮಾತಿಗೆ ಹೆದರಿಯೇ ಬದುಕಿದೆ. ಅವರು ಬಳ್ಳಾರಿಗೆ ನಾಲ್ಕು ದಿನದ ಕ್ಯಾಂಪಿಗೆ ಹೋಗದೆ ಇದ್ದಿದ್ದರೆ, ನಿನ್ನ ಸೋದರಮಾವ ಸಿದ್ದಬಸಪ್ಪ ಮದ್ರಾಸಿನಲ್ಲಿ ಇರದೆ ಇದ್ದಿದ್ದರೆ, ನಾನು ಮೊಮ್ಮಗನ ಮುಖ ನೋಡುತ್ತಲೇ ಇರಲಿಲ್ಲ.

ಬರುವಾಗ ಸುಮ್ಮನೆ ಬರಲಿಲ್ಲ. ಮಠದಲ್ಲಿ ನೆಂಟರ ಮಗುವಿಗೆ ಎಂದು ಸುಳ್ಳು ಹೇಳಿ ಕೂಸಿಗೊಂದು ಲಿಂಗ ತಂದಿದ್ದೆ. ಅದನ್ನು ಕಟ್ಟುವಾಗ ನಿನ್ನ ಗಂಡ ಲಿಂಗ ಕಟ್ಟದ ಮನೆತನದವನಾದರೂ ಒಂದು ಮಾತಾಡದೆ ಕೂಸನ್ನು ತೊಡೆಯ ಮೇಲೆ ಹಿಡಿದು ಕೂತನಲ್ಲ, ಅವತ್ತೇ ಅವನ ಮೇಲಿನ ನನ್ನ ಸಿಟ್ಟೆಲ್ಲ ಇಳಿಯಿತು. ಇದನ್ನು ಅವನಿಗೆ ಹೇಳು.

ಆ ಸಂಜೆ ಕೂಸಿಗೆ ಜ್ವರ ಏರಿ ನಾನು ರೈಲು ತಪ್ಪಿಸಿಕೊಂಡಿದ್ದು ನಿನಗೆ ಗೊತ್ತು. ಬೆಳಿಗ್ಗೆ ನಿನ್ನ ಅಪ್ಪಾಜಿ ಬಳ್ಳಾರಿಯಿಂದ ಬರುವ ಮೊದಲು, ಹತ್ತರೊಳಗೆ ಮನೆ ಸೇರದಿದ್ದರೆ ನನ್ನ ಗತಿ ಏನೆಂದು ಅಳುತ್ತಿದ್ದಾಗ ಸಿದ್ದಬಸಪ್ಪ ಹೋಗಿ ಬೆಳಗಿನ ವಿಮಾನದ ಟಿಕೀಟು ತಂದ. ಹೊಸ ವರ್ಷದ ದಿನ ಬೊಂಬಾಯಿ ಸಮುದ್ರಕ್ಕೆ ವಿಮಾನ ಬಿದ್ದು ತಿಂಗಳಾಗಿತ್ತಷ್ಟೆ. ಆ ಪತ್ರಿಕೆಯನ್ನು ನಾನೇ ಡಬ್ಬಿಗಳ ಕೆಳಗೆ ಹಾಸಿದ್ದೆ. ಟ್ಯಾಕ್ಸಿಯಲ್ಲಿ ಕೂತಾಗ ನನಗೆ ಬಂದ ಯೋಚನೆ ಕೇಳಿದರೆ ನಗುತ್ತೀಯ. ಸತ್ತರೆ ಸತ್ತೆ, ಆದರೆ ಸತ್ತವರ ಹೆಸರು ಪತ್ರಿಕೆಯಲ್ಲಿ ಹಾಕುತ್ತಾರೆ. ಮದ್ರಾಸಿನಿಂದ ಬರುವ ವಿಮಾನದಲ್ಲಿ ಶ್ರೀಮತಿ ಜಗದಾಂಬಾ ಸೋಮಲಿಂಗಪ್ಪ ಎಂದು ಓದಿದರೆ ನಿನ್ನ ಅಪ್ಪಾಜಿಗೆ ಗೊತ್ತಾಗಿಬಿಡುತ್ತದಲ್ಲ!

ವಿಮಾನ ನಿಲ್ದಾಣದಲ್ಲಿ ಪರದೆಯ ಹಿಂದೆ ಒಬ್ಬ ಹೆಣ್ಣು ಪೊಲೀಸು ಮೈ ತಡವಿ ನೋಡುತ್ತಿದ್ದಳು. ಎದೆಯ ಮೇಲಿನ ಬೆಳ್ಳಿ ಕರಡಿಗೆ ಕೈಗೆ ತಗುಲಿದ್ದೇ ತಡ, ಬಿಚ್ಚಿ ಕೊಡು ಎಂದಳು. ಲಿಂಗವನ್ನು ಮೈಯಿಂದ ಬೇರೆ ಮಾಡಬಾರದು ಎಂದು ಅವಳಿಗೆ ಯಾವ ಭಾಷೆಯಲ್ಲಿ ಹೇಳಲಿ? ಕೊರಳಲ್ಲಿ ಇದ್ದ ಹಾಗೆಯೇ ಮುಚ್ಚಳ ತೆರೆದು ಒಳಗಿನ ಬಿಳಿ ಬಟ್ಟೆಯ ಗಂಟು ತೋರಿಸಿದೆ. ದೇವರು ಎಂದೆ. ಸಾಮಿಯಾ ಎಂದು ಕೇಳಿ, ಕೆನ್ನೆ ಕೆನ್ನೆ ತಟ್ಟಿಕೊಂಡು ಬಿಟ್ಟುಬಿಟ್ಟಳು.

ಒಳಗೆ ನಮ್ಮ ಬಸ್ಸಿನಷ್ಟೇ ಇಕ್ಕಟ್ಟು. ಮುಂದಿನವರ ಸೀಟು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಒಬ್ಬ ಹುಡುಗಿ ತಟ್ಟೆಯಲ್ಲಿ ಪೆಪ್ಪರಮಿಂಟು, ಹತ್ತಿ ತಂದಳು. ಪಕ್ಕದವರು ಹತ್ತಿಯನ್ನು ಕಿವಿಗೆ ತುರುಕಿಕೊಂಡರು, ನಾನೂ ತುರುಕಿಕೊಂಡೆ. ಪೆಪ್ಪರಮಿಂಟನ್ನು ಕೂಸಿಗೆ ಎಂದು ಸೆರಗಿಗೆ ಕಟ್ಟಿಕೊಂಡೆ, ಮೂರು ತಿಂಗಳ ಕೂಸು ಎನ್ನುವುದೂ ಆಗ ನೆನಪಿಗೆ ಬರಲಿಲ್ಲ. ವಿಮಾನ ನೆಲ ಬಿಟ್ಟು ಓರೆಯಾಗಿ ಎದ್ದಾಗ ಕಿಟಕಿಯ ತುಂಬ ಸಮುದ್ರವೇ ಕಂಡಿತು. ಶಿವಶಿವಾ ಎಂದು ಕರಡಿಗೆ ತೆರೆದು ಗಂಟು ಬಿಚ್ಚಿ ಲಿಂಗವನ್ನು ಅಂಗೈಯಲ್ಲಿ ಹಿಡಿದುಕೊಂಡೆ.

ಜಯಾ, ಅದು ನನ್ನ ಲಿಂಗ ಆಗಿರಲಿಲ್ಲ.

ನನ್ನದರ ಅಂಚಿನಲ್ಲಿ ಒಂದು ಚಿಕ್ಕ ತಗ್ಗು ಇದೆ. ನಿನಗೆ ಮೊದಲ ಹಲ್ಲು ಬಂದಾಗ ನಾನು ಪೂಜೆಗೆ ಕೂತಿದ್ದಾಗ ತೆವಳಿಕೊಂಡು ಬಂದು ಕಚ್ಚಿದ್ದೆ, ಮೇಲಿನ ಕಪ್ಪು ಲೇಪ, ಆ ಕಂತಿಯಲ್ಲಿ ಗುರುತು ಬಿತ್ತು. ಮತ್ತೆ ಕಂತಿ ಕಟ್ಟಿಸಿಕೊಂಡು ಬರುತ್ತೇನೆ ಎಂದರೆ ನಿನ್ನ ಅಪ್ಪಾಜಿಯೇ ಬೇಡ, ಇರಲಿ ಎಂದಿದ್ದರು. ಇಪ್ಪತ್ತೈದು ವರ್ಷದಿಂದ ದಿನಾ ಬೆಳಿಗ್ಗೆ ನನ್ನ ಹೆಬ್ಬೆರಳು ಆ ತಗ್ಗನ್ನು ಮುಟ್ಟುತ್ತದೆ. ವಿಮಾನದಲ್ಲಿ ಬೆರಳು ಸುತ್ತ ತಿರುಗಿತು, ತಗ್ಗು ಸಿಗಲಿಲ್ಲ. ನುಣ್ಣಗಿತ್ತು. ಅದು ಕೂಸಿನ ಹೊಸ ಲಿಂಗ. ಬೆಳಿಗ್ಗೆ ನನ್ನದನ್ನೂ ಅವನದನ್ನೂ ಒಟ್ಟಿಗೆ ಪೂಜೆ ಮಾಡಿ, ಒಂದೇ ಬಟ್ಟೆ ಹರಿದು ಎರಡನ್ನೂ ಸುತ್ತಿದ್ದೆ. ಟ್ಯಾಕ್ಸಿಯವನು ಹಾರನ್ನು ಹೊಡೆಯುತ್ತಿದ್ದ, ಕೂಸು ಜ್ವರದಲ್ಲಿ ನರಳುತ್ತಿತ್ತು. ಅವನದು ನನ್ನ ಕರಡಿಗೆಗೆ ಬಂತು, ನನ್ನದು ಅವನ ಕೊರಳಿಗೆ ಹೋಯಿತು.

ಲಿಂಗ ಮೈ ಬಿಟ್ಟರೆ ಆಮೇಲೆ ಬದುಕಿರಬಾರದು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಮುಗಿಯಿತು, ಇನ್ನು ಇದು ಬೀಳುತ್ತದೆ ಎಂದುಕೊಂಡೆ. ರೆಕ್ಕೆ ಅಲುಗಾಡುವುದು ಕಣ್ಣಿಗೆ ಕಾಣುತ್ತಿತ್ತು. ನನ್ನೊಬ್ಬಳ ತಪ್ಪಿಗೆ ಇಷ್ಟು ಜನ ಸಾಯುತ್ತಾರಲ್ಲ ಎಂದು ಪಕ್ಕದವರ ಮುಖ ನೋಡಲೂ ಆಗಲಿಲ್ಲ. ಹುಡುಗಿ ತಿಂಡಿಯ ತಟ್ಟೆ ಇಟ್ಟಳು, ಮುಟ್ಟಲಿಲ್ಲ. ಆಮೇಲೆ ಅದಕ್ಕಿಂತ ದೊಡ್ಡ ಭಯ ಹಿಡಿಯಿತು. ದೊಡ್ಡವರ ಲಿಂಗ ಕಟ್ಟಿ ಜ್ವರದ ಕೂಸಿಗೆ ಏನಾದರೂ ಕೇಡು ತಂದೆನೇ? ಕೊನೆಗೆ ಕಣ್ಣು ಮುಚ್ಚಿ ಒಂದು ಮಾತು ಕೊಟ್ಟೆ. ಕೂಸಿಗೆ ಗುಣವಾಯಿತು ಎಂಬ ಸುದ್ದಿ ಕಿವಿಗೆ ಬೀಳುವವರೆಗೆ ದಿನಕ್ಕೆ ಒಂದೇ ಹೊತ್ತು ಉಣ್ಣುತ್ತೇನೆ ಎಂದು. ಹಾಗೇ ನಡೆಸುತ್ತಿದ್ದೇನೆ.

ಇಳಿದ ಮೇಲೆ ಆ ಕಡೆಯಿಂದ ಈ ಕಡೆಗೆ ಊರೆಲ್ಲ ದಾಟಿ ಆಟೋದಲ್ಲಿ ಬಂದೆ, ಹೊಸಹಳ್ಳಿ ತಿರುವು ಕಂಡಾಗ ಜೀವ ಬಂತು. ಗೇಟಿನಲ್ಲಿ ಮುನಿತಾಯಮ್ಮ ಕೀಲಿ ಹಿಡಿದು ನಿಂತಿದ್ದರು. “ಸಾಯೇಬ್ರು ಇನ್ನೂ ಬಂದಿಲ್ಲ ಕಣಮ್ಮ, ಓಗು ಓಗು, ಸೀರೆ ಬದಲಾಯಿಸ್ಕೊ” ಎಂದು ಒಳಗೆ ತಳ್ಳಿದರು. ಸೀರೆ ಬದಲಾಯಿಸಿ ಒಲೆ ಹಚ್ಚುವಷ್ಟರಲ್ಲಿ ನಿನ್ನ ಅಪ್ಪಾಜಿ ಬಂದರು. ಕಾಲು ತೊಳೆಯಲು ನೀರು ಕೊಟ್ಟೆ. ನನ್ನನ್ನೇ ನೋಡಿದರು.

“ಕಿವ್ಯಾಗ ಏನದು ಹತ್ತಿ?”

ವಿಮಾನದ ಹತ್ತಿ ಕಿವಿಯಲ್ಲೇ ಉಳಿದುಬಿಟ್ಟಿತ್ತು. ಕಿವಿನೋವು ಎಂದೆ. ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಬಿಟ್ಟುಕೊ ಎಂದರು. ಅವರೆದುರೇ ನೋವಿಲ್ಲದ ಕಿವಿಗೆ ಎಣ್ಣೆ ಬಿಟ್ಟುಕೊಂಡೆ.

ಅಂದಿನಿಂದ ಪೂಜೆಗೆ ಪಕ್ಕಪಕ್ಕ ಕೂತಾಗ ಸೆರಗಿನಿಂದ ಅಂಗೈ ಮುಚ್ಚಿಕೊಳ್ಳುತ್ತೇನೆ. ಹಲ್ಲಿನ ಗುರುತು ಇಲ್ಲದ್ದು ಅವರ ಕಣ್ಣಿಗೆ ಬೀಳಬಾರದು. ಅವರು ಈ ಕಡೆ ತಿರುಗಿಯೂ ನೋಡುವುದಿಲ್ಲ. ಏಕೆ ಒಂದೇ ಹೊತ್ತು ಉಣ್ಣುತ್ತೀಯ ಎಂದೂ ಕೇಳುವುದಿಲ್ಲ. ರಾತ್ರಿ ನನ್ನ ತಟ್ಟೆ ಮಗುಚಿಟ್ಟಿರುವುದನ್ನು ನೋಡುತ್ತಾರೆ, ತಾವೂ ಅರ್ಧಕ್ಕೇ ಏಳುತ್ತಾರೆ. ಈ ಮೌನ ನನಗೆ ವಿಮಾನಕ್ಕಿಂತ ಹೆಚ್ಚು ಹೆದರಿಕೆ ತರುತ್ತಿದೆ.

ನನ್ನ ಲಿಂಗವನ್ನು ಸಿದ್ದಬಸಪ್ಪನ ಕೈಯಲ್ಲಿ ಕಳಿಸು ಎಂದು ಬರೆಯಲು ಕೂತವಳು ನಾನು. ಈಗ ಬೇಡ ಅನ್ನಿಸುತ್ತಿದೆ. ಅವನ ಕೊರಳಲ್ಲೇ ಇರಲಿ. ನಾನಂತೂ ಅವನ ಹತ್ತಿರ ಇರಲಾರೆ, ನಿನ್ನ ಹಲ್ಲಿನ ಗುರುತು ಬಿದ್ದದ್ದಾದರೂ ಇರಲಿ. ಕೇಡು ಎಂದು ಯಾರಾದರೂ ಹೇಳಿದರೆ ಅದು ನನಗೆ ಬರಲಿ ಎಂದು ದಿನಾ ಕೇಳಿಕೊಳ್ಳುತ್ತಿದ್ದೇನೆ.

ನೀನೂ ಹೊತ್ತಿಗೆ ಸರಿಯಾಗಿ ಉಣ್ಣು. ಕೂಸಿಗೆ ನೆತ್ತಿಗೆ ಎಣ್ಣೆ ಇಡುವುದನ್ನು ಬಿಡಬೇಡ. ಬಸವಣ್ಣ ನಿಮ್ಮ ಮೂವರನ್ನೂ ಚೆನ್ನಾಗಿ ಇಟ್ಟಿರಲಿ.

ನಿನ್ನ ಅವ್ವ,
ಜಗದಾಂಬಾ

ತಾ.ಕ.: ಕವರು ಅಂಟಿಸಬೇಕು ಎನ್ನುವಾಗ ನಿನ್ನ ಅಪ್ಪಾಜಿಯ ಕೋಟು ಕಣ್ಣಿಗೆ ಬಿತ್ತು. ಇಷ್ಟು ದಿನ ಮನೆಯಲ್ಲೂ ಹಾಕಿಕೊಂಡೇ ಇದ್ದರು, ಸೆಕೆ ಎಂದು ಇವತ್ತು ಬಿಟ್ಟು ಹೋಗಿದ್ದಾರೆ. ಗುಂಡಿ ಒಂದು ನೇತಾಡುತ್ತಿತ್ತು, ಹೊಲಿಯೋಣ ಎಂದು ತೆಗೆದುಕೊಂಡರೆ ಒಳಜೇಬಿನಲ್ಲಿ ಒಂದು ತಂತಿ ಇತ್ತು. ನನ್ನ ಹೆಸರಿಗೆ ಬಂದದ್ದು, ಬಾಗಿಲಲ್ಲಿ ಅವರೇ ಇಸಿದುಕೊಂಡಿರಬೇಕು. ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ಮಗುವಿಗೆ ಜ್ವರ ಬಿಟ್ಟಿದೆ, ಚಿಂತೆ ಬೇಡ, ಶ್ಯಾಮಸುಂದರ. ಪಾಪ, ನಮ್ಮ ಗುಟ್ಟು ಗೊತ್ತಿಲ್ಲದೆ ಈ ಮನೆಗೇ ಕಳಿಸಿಬಿಟ್ಟಿದ್ದಾನೆ, ಬೈಯಬೇಡ. ಅದು ತಲುಪಿತೆಂದು ನೀನೂ ಸುಮ್ಮನಿದ್ದೀಯ. ಮೇಲಿನ ಮುದ್ರೆ ಮೂವತ್ತೊಂದನೇ ತಾರೀಖಿನದು, ನಾನು ಬಂದ ದಿನದ್ದೇ.

ಕೂಸು ಚೆನ್ನಾಗಿದೆ ಎಂದು ಅವರಿಗೆ ಮೊದಲ ದಿನದಿಂದ ಗೊತ್ತಿತ್ತು. ನಾನು ಹೋಗಿದ್ದೂ ಗೊತ್ತಿತ್ತು. ಒಂಬತ್ತು ದಿನ ನಾನು ಅಂಚೆಯವನ ದಾರಿ ಕಾಯುವುದನ್ನು, ತಟ್ಟೆ ಮಗುಚಿಡುವುದನ್ನು ನೋಡುತ್ತಾ ಇದನ್ನು ಎದೆಯ ಹತ್ತಿರ ಇಟ್ಟುಕೊಂಡು ಓಡಾಡಿದ್ದಾರೆ. ಮನೆಯಿಂದ ಹೊರಗೆ ಹಾಕಿದ್ದರೂ ನಾನು ಸಹಿಸುತ್ತಿದ್ದೆ ಜಯಾ. ಇದನ್ನು ಹೇಗೆ ಸಹಿಸಬೇಕು ಎಂದು ತಿಳಿಯುತ್ತಿಲ್ಲ. ಆ ಕಾಗದ ಬಿಚ್ಚಿ ಮಡಿಸಿ, ಬಿಚ್ಚಿ ಮಡಿಸಿ ಮಡಿಕೆಯ ಹತ್ತಿರ ಹರಿಯುವಷ್ಟು ಸವೆದಿದೆ. ಅದನ್ನು ನೋಡಿದರೆ ಬೈಯಲೂ ಬಾಯಿ ಬರುವುದಿಲ್ಲ.

ಎದ್ದು ಎರಡು ರೊಟ್ಟಿ ಉಂಡೆ. ತಂತಿಯನ್ನು ಇದ್ದ ಹಾಗೇ ಮಡಿಸಿ ಜೇಬಿನಲ್ಲಿಟ್ಟಿದ್ದೇನೆ. ಗುಂಡಿಯನ್ನು ಮಾತ್ರ ಹೊಲಿದಿದ್ದೇನೆ. ಸಂಜೆ ಬಂದು ಕೋಟು ನೋಡಿದ ಕೂಡಲೇ ಅವರಿಗೆ ಗೊತ್ತಾಗುತ್ತದೆ.